ಉಪ್ಪು ನೀರಿಗೆ ಸಕ್ಕರೆ ಏಕೆ ಬೇಕು?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಕಳೆದ ಬೇಸಿಗೆಯಲ್ಲಿ ಮಗನಿಗೆ ಭೇದಿ ಹತ್ತಿದಾಗ ಒಂದು ಚೊಂಬು ನೀರಿಗೆ ಉಪ್ಪು ಕದಡಿ ಕುಡಿಸಲು ಹೋದೆ. ಆಶಾ ಕಾರ್ಯಕರ್ತೆ ಗದರಿ, ಅದನ್ನು ಚೆಲ್ಲಿಸಿ, ಓಆರ್‌ಎಸ್ ಪೊಟ್ಟಣ ಕೊಟ್ಟರು. ‘ಸಕ್ಕರೆಯಿಲ್ಲದೆ ಉಪ್ಪು ಒಳಗೆ ಹೋಗುವುದಿಲ್ಲ’ ಎಂದರು. ಕುಡಿದ ಮೇಲೆ ಒಳಗೆ ಹೋದ ಹಾಗೆಯೇ ಅಲ್ಲವೇ? ಸಕ್ಕರೆ ರುಚಿಗಾಗಿ ಹಾಕುತ್ತಾರೆ ಎಂದೇ ನಾನು ತಿಳಿದಿದ್ದೆ. ಇನ್ನೊಂದು ಸಂಶಯ: ಕಾಲುವೆಯ ಕೊನೆಯಲ್ಲಿರುವ ನಮ್ಮ ಗದ್ದೆಗೆ ಸವಳು ಏರಿ ಭತ್ತ ಸುಟ್ಟುಹೋಗುತ್ತಿದೆ. ಭತ್ತವನ್ನು ಸುಡುವ ಉಪ್ಪು ಮನುಷ್ಯನಿಗೆ ಔಷಧಿ ಆಗುವುದು ಹೇಗೆ?

ಉತ್ತರ: ಆಶಾ ಕಾರ್ಯಕರ್ತೆ ಹೇಳಿದ್ದು ಬಹುಮಟ್ಟಿಗೆ ಸರಿ. ವೈದ್ಯಕೀಯ ಜಗತ್ತಿಗೆ ಆ ಒಂದು ವಾಕ್ಯ ದಕ್ಕಿದ್ದು 1960ರ ದಶಕದಲ್ಲಿ. ಅದಕ್ಕೂ ಮುನ್ನ ಕಾಲರಾ ಬಂದವರಿಗೆ ನರಕ್ಕೆ ಹಾಕುವ ಸಲೈನ್ ಒಂದೇ ಗತಿಯಾಗಿತ್ತು. ಅದು ಸಿಗದವರು ಸಾಯುತ್ತಿದ್ದರು.

ಮೊದಲು ‘ಒಳಗೆ’ ಎಂದರೆ ಎಲ್ಲಿ ಎಂಬುದನ್ನು ತೀರ್ಮಾನಿಸಿಕೊಳ್ಳೋಣ. ಮಗು ಒಂದು ರೂಪಾಯಿ ನಾಣ್ಯ ನುಂಗಿತು ಎನ್ನಿ. ಎರಡು ದಿನ ಬಿಟ್ಟು ಅದು ಮಲದಲ್ಲಿ ಹೊರಬೀಳುತ್ತದೆ. ಆ ಎರಡು ದಿನ ನಾಣ್ಯ ಮಗುವಿನ ದೇಹದೊಳಗೆ ಇತ್ತೇ? ಇಲ್ಲ. ಬಾಯಿಂದ ಗುದದವರೆಗೆ ಇರುವುದು ಒಂದು ಕೊಳವೆ, ಅದರ ಪೊಳ್ಳು ಇನ್ನೂ ಹೊರಜಗತ್ತೇ. ಒಳಗೆ ಎಂದರೆ ರಕ್ತ. ಕರುಳಿನ ಪೊಳ್ಳಿಗೂ ರಕ್ತಕ್ಕೂ ನಡುವೆ ಜೀವಕೋಶಗಳ ಒಂದೇ ಒಂದು ಸಾಲು ಗೋಡೆಯಾಗಿ ನಿಂತಿದೆ. ಶಾಲೆಯ ಪುಸ್ತಕದಲ್ಲಿ ಅದನ್ನು ಅನುಲೇಪಕ ಅಂಗಾಂಶ ಎನ್ನುತ್ತಾರೆ, ವೈದ್ಯರು ಎಪಿಥೀಲಿಯಂ ಎನ್ನುತ್ತಾರೆ. ನೀವು ಕುಡಿಸಿದ ನೀರು ಈ ಗೋಡೆ ದಾಟಿದರೆ ಮಾತ್ರ ಮಗನಿಗೆ ದಕ್ಕಿತು. ದಾಟದಿದ್ದರೆ ಅದೂ ನಾಣ್ಯದ ಹಾಗೆಯೇ.

ಇನ್ನು ನೀರು ದಾಟುವುದು ಹೇಗೆ? ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚಿ ಹರಳುಪ್ಪು ಬೆರೆಸಿ ಜಾಡಿಯಲ್ಲಿಟ್ಟದ್ದನ್ನು ನೆನಪು ಮಾಡಿಕೊಳ್ಳಿ. ಒಂದು ಹನಿ ನೀರು ಹಾಕಿರುವುದಿಲ್ಲ. ಮರುದಿನ ಮುಚ್ಚಳ ತೆಗೆದರೆ ಹೋಳುಗಳು ತಮ್ಮದೇ ನೀರಿನಲ್ಲಿ ಮುಳುಗಿ, ಸುಕ್ಕುಗಟ್ಟಿ ಕೂತಿರುತ್ತವೆ. ಉಪ್ಪು ಹೆಚ್ಚಿರುವ ಕಡೆಗೆ ನೀರು ತಾನಾಗಿ ನಡೆಯುತ್ತದೆ. ಕರುಳಿನಲ್ಲಿಯೂ ನಡೆಯುವುದು ಅಷ್ಟೇ. ನೀರನ್ನೇ ಎತ್ತಿ ಹಾಕುವ ಪಂಪು ನಮ್ಮ ದೇಹದಲ್ಲಿ ಎಲ್ಲಿಯೂ ಇಲ್ಲ. ಉಪ್ಪನ್ನು ಎತ್ತುವ ಪಂಪು ಇದೆ. ಕರುಳು, ಮೂತ್ರಪಿಂಡ, ಬೆವರುಗ್ರಂಥಿ, ಕಣ್ಣೀರಿನ ಗ್ರಂಥಿ ಎಲ್ಲವೂ ಮೊದಲು ಉಪ್ಪನ್ನು ಸರಿಸುತ್ತವೆ, ನೀರು ಅದರ ಬೆನ್ನು ಹತ್ತಿ ಹೋಗುತ್ತದೆ. ನೀವು ಕದಡಿದ ಚೊಂಬಿನ ಅಪಾಯವೂ ಇಲ್ಲಿಯೇ ಇದೆ. ಒಂದು ಚಹಾ ಚಮಚದ ತುಂಬ ಉಪ್ಪು ಸುಮಾರು 6 ಗ್ರಾಂ. ಲೀಟರ್ ನೀರಿಗೆ ಅಂಥ ಎರಡು ಚಮಚ ಬಿದ್ದರೆ ಅದು ರಕ್ತಕ್ಕಿಂತ ಗಡುಸಾದ ಉಪ್ಪುನೀರು. ಆಗ ನಿಮ್ಮ ಮಗನ ಕರುಳು ಮಾವಿನ ಹೋಳು, ಚೊಂಬಿನ ನೀರು ಹರಳುಪ್ಪು. ನೀರು ಒಳಗಿನಿಂದ ಹೊರಕ್ಕೆ ಬರುತ್ತದೆ.

ಈಗ ಗೋಡೆಯ ಒಂದು ಕೋಶವನ್ನು ಹತ್ತಿರದಿಂದ ನೋಡೋಣ. ಅದರ ಹೊರಪೊರೆ ಕೊಬ್ಬಿನದು. ಉಪ್ಪು ನೀರಿಗೆ ಬಿದ್ದೊಡನೆ ಸೋಡಿಯಂ, ಕ್ಲೋರೈಡ್ ಎಂಬ ವಿದ್ಯುತ್ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬಿಡಿಬಿಡಿಯಾಗುತ್ತದೆ. ಪ್ರತಿ ಅಯಾನೂ ತನ್ನ ಸುತ್ತ ನೀರಿನ ಅಣುಗಳನ್ನು ಕಂಬಳಿಯಂತೆ ಹೊದ್ದಿರುತ್ತದೆ. ಕಂಬಳಿ ಬಿಟ್ಟು ಕೊಬ್ಬಿನೊಳಗೆ ಇಳಿಯುವುದು ಅದಕ್ಕೆ ಒಗ್ಗದ ಮಾತು. ಆದ್ದರಿಂದ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ, ಪ್ರತಿ ಬಾಗಿಲಿಗೂ ಕಾವಲಿದೆ.

ಪಾಠ ಮಾಡುವಾಗ ವಿದ್ಯಾರ್ಥಿಗಳು ನನ್ನನ್ನು ಹೆಚ್ಚು ಸತಾಯಿಸಿದ ಪ್ರಶ್ನೆಯೂ ಈ ಕಾವಲಿನದೇ. ಪೊಟ್ಯಾಶಿಯಂ ಅಯಾನು ಸೋಡಿಯಂಗಿಂತ ದೊಡ್ಡದು. ಆದರೂ ಪೊಟ್ಯಾಶಿಯಂ ಬಾಗಿಲಲ್ಲಿ ಪೊಟ್ಯಾಶಿಯಂ ಸರಾಗವಾಗಿ ದಾಟುತ್ತದೆ, ಅದಕ್ಕಿಂತ ಚಿಕ್ಕದಾದ ಸೋಡಿಯಂ ದಾಟುವುದಿಲ್ಲ. ದೊಡ್ಡವನು ಹೋಗುವ ಬಾಗಿಲಲ್ಲಿ ಚಿಕ್ಕವನು ಹೋಗಬಾರದೇಕೆ? 1998ರಲ್ಲಿ ಅಮೆರಿಕದ ವಿಜ್ಞಾನಿ ರೋಡೆರಿಕ್ ಮೆಕಿನನ್ ಈ ಬಾಗಿಲಿನ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದ ಮೇಲೆ ಉತ್ತರ ಸಿಕ್ಕಿತು. ಅದಕ್ಕೆ 2003ರಲ್ಲಿ ಅವರಿಗೆ ನೊಬೆಲ್ ಬಂತು. ಒಳಗೆ ಹೋಗಬೇಕಾದರೆ ಅಯಾನು ತನ್ನ ನೀರಿನ ಕಂಬಳಿಯನ್ನು ಹೊಸ್ತಿಲಲ್ಲಿ ಕಳಚಬೇಕು. ಬಾಗಿಲ ಒಳಗೋಡೆಯಲ್ಲಿ ಆಮ್ಲಜನಕದ ಪರಮಾಣುಗಳು ಪೊಟ್ಯಾಶಿಯಂನ ಮೈಯಳತೆಗೆ ಸರಿಯಾಗಿ ಕೂತಿವೆ, ಬಿಟ್ಟ ಕಂಬಳಿಯ ಬೆಚ್ಚಗೆ ಅದಕ್ಕೆ ಅಲ್ಲಿಯೇ ಸಿಗುತ್ತದೆ. ಸೋಡಿಯಂ ಸಣ್ಣ ಆಳು, ಆ ಗೋಡೆಗಳು ಅದರ ಮೈಗೆ ತಾಗುವುದಿಲ್ಲ. ಕಂಬಳಿ ಬಿಟ್ಟರೆ ಚಳಿ, ಹೊದ್ದುಕೊಂಡೇ ಹೋಗೋಣವೆಂದರೆ ಬಾಗಿಲು ಕಿರಿದು. ಹಾಗಾಗಿ ಅದು ಹೊರಗೇ ಉಳಿಯುತ್ತದೆ. ಇಂಥ ಒಂದು ಬಾಗಿಲಿನಲ್ಲಿ ಸೆಕೆಂಡಿಗೆ ಕೋಟಿಗೂ ಮಿಕ್ಕಿ ಅಯಾನುಗಳು ದಾಟಬಲ್ಲವು.

ಬಾಗಿಲು ಎಂದರೆ ಇಳಿಜಾರಿನ ದಾರಿ. ಅಯಾನು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ತನ್ನ ವಿದ್ಯುತ್ತು ಎಳೆದ ಕಡೆಗೆ ಹರಿಯುತ್ತದೆ. ಏರಿಗೆ ಎತ್ತಬೇಕಾದರೆ ಪಂಪು ಬೇಕು. ಕೋಶದ ಬೆನ್ನ ಕಡೆ, ರಕ್ತಕ್ಕೆ ಮುಖ ಮಾಡಿದ ಪೊರೆಯಲ್ಲಿ, ಅದು ಕೂತಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ಕಾಲಿನ ನರದಲ್ಲಿ ಇದನ್ನು ಮೊದಲು ಗುರುತಿಸಿದರು, ನೊಬೆಲ್ ಬರಲು 40 ವರ್ಷ ಕಾಯಬೇಕಾಯಿತು. ಪ್ರತಿ ಸುತ್ತಿಗೆ ಮೂರು ಸೋಡಿಯಂ ಕೋಶದಿಂದ ಹೊರಕ್ಕೆ, ಎರಡು ಪೊಟ್ಯಾಶಿಯಂ ಕೋಶದ ಒಳಕ್ಕೆ. ನೀವು ಸುಮ್ಮನೆ ಕೂತಿರುವಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಈ ಒಂದು ಪಂಪಿಗೇ ಹೋಗುತ್ತದೆ. ಇಷ್ಟು ದುಡಿದ ಫಲವಾಗಿ ರಕ್ತದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ (ಕಣಗಳ ಸಂಖ್ಯೆಯನ್ನು ಎಣಿಸುವ ಅಳತೆ) ಇದ್ದರೆ, ಕೋಶದ ಒಳಗೆ ಹತ್ತು ಹದಿನೈದು ಮಾತ್ರ.

ನಿಮ್ಮ ಪ್ರಶ್ನೆಯ ಕೀಲಿ ಈ ವ್ಯತ್ಯಾಸದಲ್ಲಿದೆ. ಹೊರಗೆ ನಿಲ್ಲಿಸಿದ ಸೋಡಿಯಂ ಎಂದರೆ ಅಣೆಕಟ್ಟಿನ ಹಿಂದೆ ನಿಲ್ಲಿಸಿದ ನೀರು. ಅದಕ್ಕೆ ಒಳಗೆ ನುಗ್ಗುವ ತವಕ ಸದಾ ಇರುತ್ತದೆ, ಆ ನುಗ್ಗುವ ಬಲದಿಂದ ಕೋಶ ಬೇರೆ ಕೆಲಸಗಳನ್ನು ಮಾಡಿಸಿಕೊಳ್ಳುತ್ತದೆ. ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿದ್ದರೆ ಸಿಂಧನೂರಿನವರೆಗೆ ಎಡದಂಡೆ ಕಾಲುವೆಯಲ್ಲಿ ಅದನ್ನು ಯಾರೂ ತಳ್ಳಬೇಕಾಗಿಲ್ಲವಷ್ಟೆ, ಹಾಗೆ.

ಇಷ್ಟು ಕೋಶದ ಮೂಲಕ ಹಾಯುವ ದಾರಿಯ ಮಾತಾಯಿತು. ಎರಡನೆಯದು ಕೋಶ ಕೋಶಗಳ ನಡುವಿನ ಸಂದಿ. ಆನೆಗೊಂದಿಯ ಹಳೆಯ ಗೋಡೆಗಳಲ್ಲಿ ಗಾರೆಯಿಲ್ಲದೆ ಬಂಡೆಗೆ ಬಂಡೆ ಕೂಡಿಸಿದ್ದನ್ನು ನೀವು ನೋಡಿರಬಹುದು. ಕರುಳಿನ ಗೋಡೆಯಲ್ಲೂ ಗಾರೆಯಿಲ್ಲ. ಪಕ್ಕಪಕ್ಕದ ಕೋಶಗಳ ಪ್ರೋಟೀನುಗಳು ಪರಸ್ಪರ ಕೊಕ್ಕೆ ಹಾಕಿಕೊಂಡು ಒಂದು ಬಿಗಿ ಪಟ್ಟಿ ಕಟ್ಟಿವೆ. ಬಹುಕಾಲ ಇದನ್ನು ಬರೀ ಮೊಹರು ಎಂದುಕೊಂಡಿದ್ದರು. 1998ರಲ್ಲಿ ಜಪಾನಿನ ಷೋಯಿಚಿರೊ ಟ್ಸುಕಿಟಾ ತಂಡ ಕ್ಲಾಡಿನ್ ಎಂಬ ಪ್ರೋಟೀನುಗಳನ್ನು ಇಲ್ಲಿ ಕಂಡುಹಿಡಿದ ಮೇಲೆ, ಈ ಸಂದಿಯೂ ಆಯ್ಕೆ ಮಾಡುತ್ತದೆ ಎಂಬುದು ಗೊತ್ತಾಗುತ್ತ ಬಂತು. ಕೆಲವು ಕ್ಲಾಡಿನ್‌ಗಳು ಸಂದಿಯನ್ನು ಮುಚ್ಚುತ್ತವೆ, ಕೆಲವು ಸೋಡಿಯಂನಂಥ ಧನ ಅಯಾನುಗಳಿಗೆ ಮಾತ್ರ ಕಿರುದಾರಿ ಬಿಡುತ್ತವೆ. ಮೂತ್ರಕೋಶದ ಗೋಡೆ ಬಹಳ ಬಿಗಿ, ಅಲ್ಲಿ ಸೋರಿದರೆ ಹೊರಹಾಕಿದ ಕಸ ಮತ್ತೆ ರಕ್ತಕ್ಕೆ ಬರುತ್ತದೆ. ಸಣ್ಣ ಕರುಳಿನ ಗೋಡೆ ಬೇಕೆಂದೇ ಸಡಿಲ. ಕುಡಿದದ್ದು, ಜೊಲ್ಲು, ಜಠರದ ರಸ, ಪಿತ್ತ ಎಲ್ಲ ಸೇರಿ ದಿನಕ್ಕೆ 8-9 ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ, ಮಲದಲ್ಲಿ ಹೋಗುವುದು ಒಂದೆರಡು ನೂರು ಮಿಲಿಲೀಟರ್. ಅಷ್ಟನ್ನು ಹಿಂದಕ್ಕೆ ಪಡೆಯಬೇಕಾದರೆ ಗೋಡೆ ಕಲ್ಲಿನಂತಿದ್ದರೆ ಆಗುವುದಿಲ್ಲ.

ಗೋಡೆ ತಾನಾಗಿ ಉಪ್ಪನ್ನು ಎಳೆಯುತ್ತದೆ ಎಂಬುದನ್ನು ಕಣ್ಣಾರೆ ತೋರಿಸಿದ್ದು ಒಂದು ಕಪ್ಪೆಯ ಚರ್ಮ. ಕೋಪನ್‌ಹೇಗನ್ನಿನ ಹಾನ್ಸ್ ಉಸ್ಸಿಂಗ್ 1951ರ ಹೊತ್ತಿಗೆ ಅದನ್ನು ಎರಡು ಕೋಣೆಗಳ ನಡುವೆ ಪರದೆಯಂತೆ ಬಿಗಿದು, ಎರಡೂ ಕಡೆ ಒಂದೇ ದ್ರಾವಣ ತುಂಬಿಸಿ, ವಿದ್ಯುತ್ತಿನ ಎಳೆತವನ್ನೂ ಸೊನ್ನೆಗಿಳಿಸಿದರು. ತಳ್ಳುವ ಕಾರಣ ಯಾವುದೂ ಉಳಿಯಲಿಲ್ಲ. ಆದರೂ ಸೋಡಿಯಂ ಹೊರಮೈಯಿಂದ ಒಳಮೈಗೆ ಹರಿಯುತ್ತಲೇ ಇತ್ತು. ಮಳೆಗಾಲದಲ್ಲಿ ನಿಮ್ಮ ಗದ್ದೆಯ ಬದುವಿನಲ್ಲಿ ವಟಗುಟ್ಟುವ ಕಪ್ಪೆ ಸಪ್ಪೆ ನೀರಿನಲ್ಲಿದ್ದೂ ಉಪ್ಪು ಕಳೆದುಕೊಂಡು ಸಾಯದಿರುವುದರ ಗುಟ್ಟು ಅದೇ.

ಕಾಲರಾಕ್ಕೆ ಬರೋಣ. ನಮ್ಮ ಕಡೆ ಪತ್ರಿಕೆಗಳು ಇಂದಿಗೂ ಕರುಳುಬೇನೆ ಎಂದು ಬರೆಯುವ ಕಾಯಿಲೆಗಳಲ್ಲಿ ಇದು ಅತಿ ಘೋರವಾದದ್ದು. ರೋಗಾಣು ಗೋಡೆಯನ್ನು ಒಡೆಯುವುದಿಲ್ಲ, ರಕ್ತಕ್ಕೆ ನುಗ್ಗುವುದೂ ಇಲ್ಲ. ಒಂದು ವಿಷವನ್ನು ಸುರಿಸುತ್ತದೆ, ಅಷ್ಟೇ. ಆ ವಿಷವನ್ನು 1959ರಲ್ಲಿ ಮೊಲದ ಕರುಳಿನ ತುಂಡಿನಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ ಡೇ. ವಿಷ ಕರುಳಿನ ಕೋಶದೊಳಗಿನ ಒಂದು ಗುಂಡಿಯನ್ನು ಒತ್ತಿ ಹಿಡಿದುಬಿಡುತ್ತದೆ, ಅದು ಮತ್ತೆ ಮೇಲೇಳುವುದಿಲ್ಲ. ಪರಿಣಾಮವಾಗಿ ಪೊಳ್ಳಿನ ಕಡೆಯ ಕ್ಲೋರೈಡ್ ಬಾಗಿಲು ತೆರೆದೇ ಉಳಿಯುತ್ತದೆ. ಕ್ಲೋರೈಡ್ ಹೊರಕ್ಕೆ ಸುರಿಯುತ್ತದೆ, ಅದರ ಋಣವಿದ್ಯುತ್ತಿಗೆ ಮರುಳಾಗಿ ಸೋಡಿಯಂ ಸಂದಿಯ ದಾರಿಯಲ್ಲಿ ಹಿಂಬಾಲಿಸುತ್ತದೆ, ಎರಡನ್ನೂ ನೀರು. ಭೇದಿ ಅಕ್ಕಚ್ಚಿನ ಹಾಗೆ ಬೆಳ್ಳಗೆ, ತೀವ್ರವಾದರೆ ಗಂಟೆಗೆ ಒಂದು ಲೀಟರಿನವರೆಗೆ ಹೋಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋದಾಗ ನಮಗೆಲ್ಲ ಆದ ಗಾಬರಿ ನೆನಪಿದೆಯೇ? ಕಾಲರಾ ಬಂದ ಕೋಶದ ಸ್ಥಿತಿ ಅದೇ. ಜಲಾಶಯದಲ್ಲಾದರೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ವಾರದೊಳಗೆ ತಡೆದರು. ಕರುಳಿನಲ್ಲಿ ಗೇಟು ಮುಚ್ಚಿಸಲು ಯಾರೂ ಇಳಿಯಲಾರರು. ಆದರೆ ಕರುಳಿನ ಗೋಡೆ ಮೂರರಿಂದ ಐದು ದಿನಗಳಿಗೊಮ್ಮೆ ತನ್ನ ಕೋಶಗಳನ್ನೇ ಉದುರಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಕೆಟ್ಟ ಗೇಟು ರಿಪೇರಿಯಾಗುವುದಿಲ್ಲ, ಅಣೆಕಟ್ಟನ್ನೇ ಹೊಸದಾಗಿ ಕಟ್ಟಲಾಗುತ್ತದೆ. ಅಷ್ಟು ದಿನ ರೋಗಿ ಬದುಕಿರಬೇಕು, ವೈದ್ಯನ ಕೆಲಸ ಇಷ್ಟೇ.

ಹೇಗೆ ಬದುಕಿಸುವುದು? ಉಪ್ಪನ್ನು ಮಾತ್ರ ಒಳಗೆಳೆಯುವ ಮಾಮೂಲಿ ಬಾಗಿಲನ್ನು ಕಾಲರಾ ವಿಷ ಮಂಕುಗೊಳಿಸುತ್ತದೆ. ಬರೀ ಉಪ್ಪು ನೀರು ಕುಡಿಸಿದರೆ ಹಾಗೆಯೇ ಹೊರಬೀಳುವುದು ಅದಕ್ಕಾಗಿ. ಆದರೆ ಪಕ್ಕದಲ್ಲಿ ಇನ್ನೊಂದು ಬಾಗಿಲಿದೆ, ಅದನ್ನು ವಿಷ ಮುಟ್ಟುವುದಿಲ್ಲ. ಅದಕ್ಕೊಂದು ವಿಚಿತ್ರ ಷರತ್ತು: ಎರಡು ಸೋಡಿಯಂ, ಒಂದು ಗ್ಲೂಕೋಸ್ (ಸಕ್ಕರೆಯ ಸರಳ ರೂಪ), ಮೂರೂ ಜೊತೆಯಾಗಿ ಬಂದರೆ ಮಾತ್ರ ತಿರುಗುತ್ತದೆ. ಒಳನುಗ್ಗುವ ಸೋಡಿಯಂ ತನ್ನ ಇಳಿಜಾರಿನ ಬಲದಲ್ಲಿ ಗ್ಲೂಕೋಸನ್ನು ಎಳೆದೊಯ್ಯುತ್ತದೆ, ಗ್ಲೂಕೋಸ್ ಇಲ್ಲದಿದ್ದರೆ ಸೋಡಿಯಂಗೂ ಪ್ರವೇಶವಿಲ್ಲ. ಆಶಾ ಕಾರ್ಯಕರ್ತೆ ಹೇಳಿದ್ದು ಈ ಬಾಗಿಲಿನ ಮಾತನ್ನೇ. ಒಳಬಂದ ಸೋಡಿಯಂ ಬೆನ್ನ ಕಡೆಯ ಪಂಪಿನಿಂದ ರಕ್ತಕ್ಕೆ ಹೋಗುತ್ತದೆ, ಗ್ಲೂಕೋಸ್ ಬೇರೆ ಬಾಗಿಲಲ್ಲಿ ಹೋಗುತ್ತದೆ, ನೀರು ಅವುಗಳ ಹಿಂದೆ. 1960ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಪ್ರಾಗ್‌ನ ಸಭೆಯಲ್ಲಿ ಈ ಜೋಡಿಯನ್ನು ಮಂಡಿಸಿದಾಗ ಅವರ ತಲೆಯಲ್ಲಿ ಇದ್ದದ್ದು ಸಕ್ಕರೆ ಕರುಳನ್ನು ದಾಟುವ ಬಗೆ ಮಾತ್ರ.

ಅದು ಎಷ್ಟು ಜೀವ ಉಳಿಸಬಲ್ಲದು ಎಂಬುದು ಕಂಡದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ. ಆಸ್ಪತ್ರೆಯ ನೆಲದ ಮೇಲೆಲ್ಲ ಕಾಲರಾ ರೋಗಿಗಳು, ಸಲೈನ್ ಮುಗಿದಿದೆ. ಡಾ. ದಿಲೀಪ್ ಮಹಲನೊಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ತೂಗಿಸಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮುಗಳಲ್ಲಿ ಕಲಸಿಟ್ಟರು, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟರು. ಸಾವಿನ ಪ್ರಮಾಣ ನೂರಕ್ಕೆ ಸುಮಾರು 30ರಿಂದ ನಾಲ್ಕಕ್ಕೂ ಕೆಳಗೆ ಇಳಿಯಿತು. ಪದ್ಮವಿಭೂಷಣ ಬಂದದ್ದು ಅವರು ತೀರಿಕೊಂಡ ಮೇಲೆ, 2023ರಲ್ಲಿ. ನಮ್ಮ ದೇಶ ಅವರನ್ನು ಬಹಳ ತಡವಾಗಿ ನೆನೆಯಿತು ಎಂದು ನನಗಂತೂ ಬೇಸರವಿದೆ.

ಇಂದಿನ ಪೊಟ್ಟಣದಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಅಣುಗಳ ಲೆಕ್ಕದಲ್ಲಿ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸೂ 75. ಒಟ್ಟು ದ್ರಾವಣ ರಕ್ತಕ್ಕಿಂತ ಸ್ವಲ್ಪ ತೆಳು, ಹಾಗಾಗಿ ನೀರಿಗೆ ಒಳದಾರಿಯೇ ಇಳಿಜಾರು. ಲೀಟರ್ ನೀರಿನ ದೊಡ್ಡ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಿದರೆ ಅದು ಗಡುಸಾಗಿ ಮತ್ತೆ ಮಾವಿನಕಾಯಿಯ ಕಥೆ. ಅಂಗಡಿಯ ಸಿಹಿ ಪಾನೀಯಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ, ಅವು ಭೇದಿಯನ್ನು ಹೆಚ್ಚಿಸಬಹುದು. ಅಂಥ ಡಬ್ಬಿಗಳ ಮೇಲೆ ಓಆರ್‌ಎಸ್ ಎಂಬ ಪದ ಬಳಸುವುದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಪೊಟ್ಟಣ ಸಿಗದ ಹೊತ್ತಿನಲ್ಲಿ ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ತೆಳುವಾದ ಅಕ್ಕಿ ಗಂಜಿಗೆ ಚಿಟಿಕೆ ಉಪ್ಪು ಹಾಕಿದ್ದೂ ಆಗುತ್ತದೆ, ಪಿಷ್ಟ ಕರುಳಿನಲ್ಲಿ ಕರಗಿ ಗ್ಲೂಕೋಸೇ ಆಗುತ್ತದೆ. ಕಲಸಿದ ಓಆರ್‌ಎಸ್ ಅನ್ನು 24 ಗಂಟೆಯ ಮೇಲೆ ಇಡಬೇಡಿ. ಮಗು ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲೇ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕಾಲರಾದಲ್ಲಿ ತೆರೆದೇ ಉಳಿಯುವ ಆ ಕ್ಲೋರೈಡ್ ಬಾಗಿಲು ಬೆವರಿನ ಗ್ರಂಥಿಯಲ್ಲಿಯೂ ಇದೆ, ಅಲ್ಲಿ ಅದರ ಕೆಲಸ ತಿರುವುಮುರುವು. ಗ್ರಂಥಿಯ ಬುಡದಲ್ಲಿ ಹುಟ್ಟುವ ಬೆವರು ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪು. ಮೇಲೇರುವ ನಾಳದ ಗೋಡೆ ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ನೀರನ್ನು ಹಿಂದಕ್ಕೆ ಹಾಯಲು ಬಿಡುವುದಿಲ್ಲ, ಹಾಗಾಗಿ ಚರ್ಮಕ್ಕೆ ಬರುವುದು ಸಪ್ಪೆಯಾದ ಬೆವರು. ಹಟ್ಟಿಯ ಗಣಿಯೊಳಗೆ ಅಥವಾ ತೋರಣಗಲ್ಲಿನ ಕುಲುಮೆಯ ಮುಂದೆ ಹೊಸದಾಗಿ ಕೆಲಸಕ್ಕೆ ಸೇರಿದವರ ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವುದುಂಟು. ಒಂದೆರಡು ವಾರ ಕಳೆದರೆ ಆಲ್ಡೊಸ್ಟಿರೋನ್ ಎಂಬ ಹಾರ್ಮೋನು ನಾಳದ ಎಳೆತವನ್ನು ಚುರುಕುಗೊಳಿಸುತ್ತದೆ, ಬೆವರು ಇನ್ನಷ್ಟು ಸಪ್ಪೆಯಾಗುತ್ತದೆ. ಆ ಬಾಗಿಲೇ ಕೆಲಸ ಮಾಡದ ಮಕ್ಕಳೂ ಹುಟ್ಟುತ್ತಾರೆ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆ ಕಾಯಿಲೆಯನ್ನು ಇಂದಿಗೂ ಬೆವರಿನ ಉಪ್ಪು ಅಳೆದೇ ಪತ್ತೆ ಹಚ್ಚುತ್ತಾರೆ.

ಇನ್ನು ನಿಮ್ಮ ಗದ್ದೆ. ಭತ್ತದ ಬೇರಿನಲ್ಲೂ ಒಂದು ಗೋಡೆಯಿದೆ. ಒಳಪದರದ ಕೋಶಗಳ ಸುತ್ತ ನೀರಿಳಿಯದ ಪಟ್ಟಿಯೊಂದು ಬಿಗಿದಿರುತ್ತದೆ, ಕ್ಯಾಸ್ಪರಿ ಪಟ್ಟಿ ಎಂದು ಹೆಸರು. ನಮ್ಮ ಕರುಳಿನ ಬಿಗಿ ಪಟ್ಟಿ ಮಾಡುವ ಕೆಲಸವನ್ನೇ ಅದು ಬೇರೆ ಸಾಮಗ್ರಿಯಿಂದ ಮಾಡುತ್ತದೆ: ಸಂದಿಯಲ್ಲಿ ನುಸುಳದೆ ಕೋಶದ ಬಾಗಿಲಿಗೆ ಬಾ ಎನ್ನುತ್ತದೆ. ಆದರೆ ಕವಲುಬೇರು ಒಡೆಯುವ ಜಾಗಗಳಲ್ಲಿ ಈ ಪಟ್ಟಿ ಹರಿದಿರುತ್ತದೆ, ಅಲ್ಲಿಂದ ಸೋಡಿಯಂ ನೀರಿನ ಜೊತೆ ನೇರ ಕಾಂಡಕ್ಕೆ ಏರುತ್ತದೆ. ಭತ್ತಕ್ಕೆ ಇದು ಮರ್ಮಸ್ಥಾನ.

ಅದಕ್ಕಿಂತ ದೊಡ್ಡ ಕಾರಣ ಬೇರೊಂದಿದೆ. ನಮ್ಮ ಕೋಶಗಳಿಗೆ ಸೋಡಿಯಂ ಅಣೆಕಟ್ಟಿನ ನೀರು ಎಂದೆನಲ್ಲ, ಆ ಅಣೆಕಟ್ಟು ಕಟ್ಟುವ ಪಂಪು ಭತ್ತದಲ್ಲಿ ಇಲ್ಲ. ಗಿಡಗಳು ಸೋಡಿಯಂ ಬದಲು ಪ್ರೋಟಾನನ್ನು, ಅಂದರೆ ಹೈಡ್ರೋಜನ್ ಅಯಾನನ್ನು, ಹೊರಕ್ಕೆ ತಳ್ಳಿ, ಅದರ ಇಳಿಜಾರಿನಿಂದ ಕೆಲಸ ನಡೆಸುತ್ತವೆ. ನಮಗೆ ದುಡಿಮೆಯ ಬಂಡವಾಳವಾದ ಸೋಡಿಯಂ ಅವಕ್ಕೆ ಬೇಡದ ಅತಿಥಿ. ಬಂದದ್ದನ್ನು ಪ್ರೋಟಾನಿನ ಬಲದಿಂದಲೇ ಹೊರದಬ್ಬಬೇಕು, ಇಲ್ಲವೇ ಕೋಶದ ಒಳಗಿನ ಚೀಲದಲ್ಲಿ ಕೂಡಿಹಾಕಬೇಕು. ಕೇರಳದ ಪೊಕ್ಕಾಲಿ, ಬಂಗಾಳದ ನೋನಾ ಬೊಕ್ರಾದಂಥ ತಳಿಗಳು ಸವಳಿನಲ್ಲೂ ನಿಲ್ಲುತ್ತವೆ. ನೋನಾ ಬೊಕ್ರಾದಲ್ಲಿ ಕಾಂಡಕ್ಕೆ ಏರುತ್ತಿರುವ ಸೋಡಿಯಂ ಅನ್ನು ನಡುದಾರಿಯಲ್ಲೇ ಬೇರಿಗೆ ಹಿಂದಿರುಗಿಸುವ ಬಾಗಿಲು ಚುರುಕಾಗಿದೆ ಎಂದು 2005ರಲ್ಲಿ ಗೊತ್ತಾಯಿತು.

ಸಂಜೆ ಗದ್ದೆಗೆ ಹೋದಾಗ ಪೈರಿನ ಹೊಸ ಎಲೆ ಬಿಟ್ಟು ಬುಡದ ಹಳೆಯ ಎಲೆಗಳನ್ನು ನೋಡಿ. ಸುಟ್ಟ ಗುರುತು ಅವುಗಳ ತುದಿಯಿಂದ ಶುರುವಾಗಿರುತ್ತದೆ. ತಡೆಯಲಾಗದ ಉಪ್ಪನ್ನು ಭತ್ತ ಹಳೆಯ ಎಲೆಗೆ ತುಂಬಿ, ಎಳೆಯದನ್ನು ಉಳಿಸಿಕೊಳ್ಳಲು ನೋಡುತ್ತಿರುತ್ತದೆ. ಬಸಿಗಾಲುವೆ ತೋಡಿ ಸಿಹಿನೀರು ಹಾಯಿಸಿ ಉಪ್ಪನ್ನು ತೊಳೆಯಬೇಕೋ, ಜಿಪ್ಸಂ ಹಾಕಬೇಕೋ ಎಂಬುದು ಮಣ್ಣು ಸವಳೋ (ಉಪ್ಪು ಮಣ್ಣು) ಕರಲೋ (ಕ್ಷಾರ ಮಣ್ಣು) ಎಂಬುದರ ಮೇಲೆ ನಿಂತಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಮಣ್ಣಿನ ಮೇಲೆಯೇ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಜಿಪ್ಸಂ ಚೀಲ ಕೊಳ್ಳುವ ಮುನ್ನ ಒಂದು ಹಿಡಿ ಮಣ್ಣನ್ನು ಪರೀಕ್ಷೆ ಮಾಡಿಸಿಕೊಳ್ಳಿ.